ಪದ ನಾಲಿಗೆ ತುದಿಯಲ್ಲೇ ನಿಂತಾಗ: ಮಿದುಳಿಗೆ ಪೆಟ್ಟಾದ ಮೇಲೆ ಮಾತು ಹುಡುಕುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಣ್ಣನ ತಲೆಗೆ ಪೆಟ್ಟಾಗಿ ಎರಡು ತಿಂಗಳಾಗಿತ್ತು. ಹೊರಗೆ ಮಳೆ ಬರುತ್ತಿತ್ತು. ಅವನು ಬಾಗಿಲ ಹತ್ತಿರ ನಿಂತಿದ್ದ. ಒಂದು ಕೈಯನ್ನು ಮುಷ್ಟಿ ಮಾಡಿ ಎದೆಯ ಹತ್ತಿರ ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲೆ ಅಗಲಿಸಿ, "ಅದು ಕೊಡೋ... ಅದು..." ಅಂದ. ನನಗೆ ಗೊತ್ತಾಯಿತು. ಆದರೂ ಛತ್ರಿಯನ್ನು ನನ್ನ ಕೈಯಲ್ಲೇ ಹಿಡಿದುಕೊಂಡು, "ಇದರ ಹೆಸರೇನು ಹೇಳು, ಕೊಡ್ತೀನಿ" ಅಂದೆ. ಅಭ್ಯಾಸ ಆಗಲಿ ಅನ್ನೋದು ನನ್ನ ಯೋಚನೆ. ಅವನು ಎರಡು ಸಲ ಬಾಯಿ ತೆರೆದ. ಆಮೇಲೆ ಮಳೆಯಲ್ಲಿ ನೆನೆದುಕೊಂಡೇ ಹೊರಟುಹೋದ.

ಆ ದಿನ ನಾನು ಮಾಡಿದ್ದು ತಪ್ಪು. ಯಾಕೆ ತಪ್ಪು, ಅದರ ಬದಲು ಏನು ಮಾಡಬೇಕಿತ್ತು ಅನ್ನೋದನ್ನು ಆಮೇಲಿನ ವರ್ಷಗಳಲ್ಲಿ ಸ್ಪೀಚ್ ಥೆರಪಿಸ್ಟ್ ಜೊತೆ ಕೂತು, ಓದಿ, ಮಾಡಿ ನೋಡಿ ಕಲಿತೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಪದ ಸಿಗದೆ ಒದ್ದಾಡುತ್ತಿರುವವರಿಗೂ ಇದು, ಅವರ ಜೊತೆಗಿರುವವರಿಗೂ ಇದು. ಓದಿದರೆ ಸುಸ್ತಾಗುತ್ತದೆ ಅನ್ನುವವರು ದಿನಕ್ಕೆ ಒಂದೇ ಭಾಗ ಓದಿ. ಇಲ್ಲವೇ ಯಾರಿಂದಾದರೂ ಓದಿಸಿಕೊಳ್ಳಿ.

ಮೊದಲು ಒಂದು ಎಚ್ಚರಿಕೆ

ಇದ್ದಕ್ಕಿದ್ದಂತೆ ಮಾತು ತೊದಲಿದರೆ, ನಿನ್ನೆವರೆಗೆ ಬರುತ್ತಿದ್ದ ಪದಗಳು ಇವತ್ತು ಬಾರದೆ ಹೋದರೆ, ಮುಖ ಒಂದು ಕಡೆ ಜೋತುಬಿದ್ದರೆ, ಒಂದು ಕೈ ಎತ್ತಲು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದು ಸ್ಟ್ರೋಕ್ ಇರಬಹುದು, ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡಿರಬಹುದು ಅಥವಾ ಒಡೆದಿರಬಹುದು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಹಾಗಾಗಿ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ನೋಡಿಟ್ಟುಕೊಳ್ಳಿ. ತಲೆಗೆ ಪೆಟ್ಟು ಬಿದ್ದವರಲ್ಲಿ ತಲೆನೋವು ಜಾಸ್ತಿಯಾಗುತ್ತಾ, ವಾಂತಿ, ಮಂಪರು ಬಂದರೂ ಕಾಯಬೇಡಿ.

ತಿಂಗಳು ತಿಂಗಳು ನಿಧಾನವಾಗಿ ಪದಗಳು ಕಡಿಮೆಯಾಗುತ್ತಾ ಹೋಗುತ್ತಿದ್ದರೆ ಅದೂ ವೈದ್ಯರಿಗೆ ತೋರಿಸಬೇಕಾದ ವಿಷಯವೇ. ಹಳೆಯ ಪೆಟ್ಟಿನ ತೊಂದರೆ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ ಅಥವಾ ಸುಧಾರಿಸುತ್ತದೆ. ಹೀಗೆ ಕೆಳಗಿಳಿಯುತ್ತಾ ಹೋದರೆ ಬೇರೆ ಕಾರಣ ಹುಡುಕಬೇಕು.

ಪದ ಕಳೆದುಹೋಗಿಲ್ಲ, ದಾರಿ ಮುಚ್ಚಿದೆ

ಅಣ್ಣನ ಕೈಗಳು ಛತ್ರಿ ಬಿಚ್ಚಿದ ಹಾಗೇ ಇದ್ದವು. ಅದು ಯಾಕೆ ಬೇಕು, ಹೇಗಿರುತ್ತದೆ, ಹೇಗೆ ಹಿಡಿಯಬೇಕು, ಎಲ್ಲ ಅವನಿಗೆ ಗೊತ್ತಿತ್ತು. 'ಛತ್ರಿ' ಅನ್ನುವ ಸದ್ದು ಮಾತ್ರ ಬರಲಿಲ್ಲ.

ನಾವು ಒಂದು ಪದ ಆಡುವಾಗ ಮಿದುಳು ಎರಡು ಕೆಲಸ ಮಾಡುತ್ತದೆ. ಮೊದಲು ಅರ್ಥವನ್ನು ಹಿಡಿಯುತ್ತದೆ. ಆಮೇಲೆ ಆ ಅರ್ಥಕ್ಕೆ ಅಂಟಿಕೊಂಡಿರುವ ಸದ್ದನ್ನು ತರುತ್ತದೆ. ಪೆಟ್ಟಾದ ಮೇಲೆ ಹೆಚ್ಚಿನವರಿಗೆ ಕೊಂಡಿ ತಪ್ಪುವುದು ಈ ಎರಡರ ನಡುವೆ. ಕೆಲವರಿಗೆ ಅರ್ಥದ ಕಡೆಯೇ ಮಸುಕಾಗಿ, ಕತ್ತರಿ ಅನ್ನುವ ಬದಲು 'ಚಾಕು' ಅಂದುಬಿಡುತ್ತಾರೆ. ಇನ್ನು ಕೆಲವರಿಗೆ ಸದ್ದು ಅದಲುಬದಲಾಗಿ 'ತಕ್ಕರಿ' ಅಂತ ಬರುತ್ತದೆ. ಹೆಸರು ಬಾರದ ಈ ತೊಂದರೆಗೆ ಅನೋಮಿಯಾ ಅನ್ನುತ್ತಾರೆ. ಪೆಟ್ಟಿನಿಂದ ಭಾಷೆಯೇ ಕೆಟ್ಟಿದ್ದರೆ ಅಫೇಸಿಯಾ.

1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಅನ್ನುವ ಮನಶ್ಶಾಸ್ತ್ರಜ್ಞರು ಆರೋಗ್ಯವಂತ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಅಂತ ಕೇಳಿದರು. ನಾಲಿಗೆ ತುದಿಯಲ್ಲಿದೆ, ಬರ್ತಿಲ್ಲ ಅಂದವರಿಗೂ ಆ ಪದದ ಮೊದಲ ಅಕ್ಷರ ಯಾವುದು, ಪದ ಎಷ್ಟು ಉದ್ದ ಅನ್ನೋದು ಎಷ್ಟೋ ಸಲ ಸರಿಯಾಗೇ ಗೊತ್ತಿತ್ತು. ಪದ ಸಿಗದಿದ್ದರೂ ಅದರ ಚೂರುಪಾರು ಕೈಗೆ ಸಿಗುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಈ ಚೂರುಗಳನ್ನು ಹಿಡಿದುಕೊಂಡು ಪದದ ಹತ್ತಿರ ಹೋಗುವ ದಾರಿಗಳು. ಪದವನ್ನು ಎಳೆಯಬೇಡಿ. ಅದರ ಸುತ್ತ ನಡೆಯಿರಿ.

ಹೆಜ್ಜೆ 1: ಒಂದು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಪದ ಸಿಗಲಿಲ್ಲ, ಎಷ್ಟು ಹೊತ್ತಿಗೆ, ಆಗ ಸುತ್ತ ಏನು ನಡೆಯುತ್ತಿತ್ತು, ಕೊನೆಗೆ ಹೇಗೆ ಸಿಕ್ಕಿತು, ಇಷ್ಟು ಬರೆಯಿರಿ. ಬರೆಯಲು ಆಗದಿದ್ದರೆ ಮನೆಯವರು ಬರೆಯಲಿ.

ನಾವು ಹೀಗೆ ಬರೆದಾಗ ಗೊತ್ತಾಗಿದ್ದು, ಅಣ್ಣನಿಗೆ ಬೆಳಿಗ್ಗೆ ಮಾತು ಸಲೀಸು, ಸಂಜೆ ಐದರ ಮೇಲೆ ಕಷ್ಟ. ಟಿವಿ ಹಾಕಿದ್ದರೆ ಇನ್ನೂ ಕಷ್ಟ. ದಿನಾ ಬಳಸುವ ಪದಗಳಿಗಿಂತ ಅಪರೂಪದ ಪದಗಳು ಕಷ್ಟ. ಎಲ್ಲಕ್ಕಿಂತ ಕಷ್ಟ ಜನರ ಹೆಸರು. ಇದು ಅವನೊಬ್ಬನ ಕಥೆಯಲ್ಲ, ಬಹಳ ಜನರಿಗೆ ಹೀಗೇ. 'ಬಡಗಿ' ಅಂದರೆ ಅವನ ಕೆಲಸ, ಉಳಿ, ಮರದ ಪುಡಿ ಎಲ್ಲ ನೆನಪಿಗೆ ಬರುತ್ತದೆ. ಒಬ್ಬ ಮನುಷ್ಯನ ಹೆಸರಿಗೆ ಹಾಗೆ ಹಿಡಿದುಕೊಳ್ಳಲು ಅರ್ಥದ ಕೊಂಡಿಗಳು ಇರುವುದಿಲ್ಲ. ಅದಕ್ಕೇ ಅದು ಮೊದಲು ಜಾರುತ್ತದೆ.

ಈ ವಾರದಲ್ಲೇ ಇನ್ನೊಂದು ಕೆಲಸ ಮಾಡಿ. ನಿದ್ದೆ ಸರಿಯಾಗಿದೆಯಾ, ಕಿವಿ ಚೆನ್ನಾಗಿ ಕೇಳಿಸುತ್ತದಾ, ಮನಸ್ಸು ಕುಗ್ಗಿದೆಯಾ ನೋಡಿ. ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಕೆಲವು ಮಾತ್ರೆಗಳೇ ಪದ ಸಿಗದ ಹಾಗೆ ಮಾಡುತ್ತವೆ. ಫಿಟ್ಸ್ ಮತ್ತು ಮೈಗ್ರೇನಿಗೆ ಕೊಡುವ ಟೊಪಿರಮೇಟ್ ಇದಕ್ಕೆ ಹೆಸರಾದದ್ದು. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ದಿಢೀರ್ ಅಂತ ಬಿಟ್ಟರೆ ಅಪಾಯ.

ಹೆಜ್ಜೆ 2: ನಿಲ್ಲಿ, ಹೇಳಿಬಿಡಿ

ಪದ ಸಿಗದಾಗ ಮೈ ಬಿಗಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಗಾಬರಿಯಾದಷ್ಟೂ ಪದ ದೂರ ಹೋಗುತ್ತದೆ. ಒಮ್ಮೆ ಉಸಿರು ಬಿಡಿ. ಭುಜ ಸಡಿಲ ಮಾಡಿ. ಆಮೇಲೆ ಎದುರಿಗಿರುವವರಿಗೆ ಒಂದು ಸಿದ್ಧ ಮಾತು ಹೇಳಿ: "ಪದ ಹುಡುಕ್ತಿದ್ದೀನಿ, ಸ್ವಲ್ಪ ಇರಿ." ಇದನ್ನು ಮನೆಯಲ್ಲಿ ದಿನಾ ನಾಲ್ಕೈದು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಬಾಯಿಪಾಠವಾದ ಮಾತು ಕಷ್ಟದಲ್ಲೂ ಬರುತ್ತದೆ. ಅಷ್ಟೂ ಹೇಳಲಾಗದವರು ಅಂಗೈ ಎತ್ತಿ 'ಇರಿ' ಅಂತ ತೋರಿಸಿದರೂ ಸಾಕು.

ಈ ಒಂದು ಮಾತಿನಿಂದ ಎದುರಿಗಿರುವವರು ಮಧ್ಯೆ ಬಾಯಿ ಹಾಕುವುದು ನಿಲ್ಲುತ್ತದೆ. ನಿಮಗೆ ಬೇಕಾದ ಹತ್ತು ಸೆಕೆಂಡು ಸಿಗುತ್ತದೆ.

ಹೆಜ್ಜೆ 3: ಪದದ ಸುತ್ತ ನಡೆಯಿರಿ

ಈ ಬರಹದ ಜೀವಾಳ ಇದೇ ಭಾಗ. ಪದ ಸಿಗದಿದ್ದರೆ ಅದರ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳುತ್ತಾ ಹೋಗಿ. ಸ್ಪೀಚ್ ಥೆರಪಿಯಲ್ಲಿ ಇದನ್ನು ಒಂದು ಕ್ರಮವಾಗಿ ಮಾಡಿಸುತ್ತಾರೆ. ಹಾಳೆಯ ನಡುವೆ ಒಂದು ಚಿತ್ರ, ಸುತ್ತ ಆರು ಖಾನೆ. ಅಫೇಸಿಯಾ ಇರುವವರಿಗೆ ಈ ಪದ್ಧತಿ ನೆರವಾಗುತ್ತದೆ ಅಂತ ಮೇರಿ ಬಾಯ್ಲ್ ಮತ್ತು ಕಾರ್ಲ್ ಕೊಯೆಲೊ 1995ರಲ್ಲಿ ಬರೆದ ಮೇಲೆ ಇದು ಹೆಚ್ಚು ಬಳಕೆಗೆ ಬಂತು. ಇದಕ್ಕೆ ಬೇಕಾಗಿದ್ದು ಒಂದು ಹಾಳೆ, ಒಂದು ಪೆನ್ನು ಅಷ್ಟೇ.

ಕತ್ತರಿಯ ಚಿತ್ರ ಅಂಟಿಸಿದ್ದೀರಿ ಅಂತಿಟ್ಟುಕೊಳ್ಳಿ. ಒಂದೊಂದೇ ಕೇಳಿ.

ಇದು ಯಾವ ಗುಂಪಿಗೆ ಸೇರಿದ್ದು? ಸಾಮಾನು, ಸಲಕರಣೆ.
ಇದರಿಂದ ಏನು ಮಾಡ್ತೀವಿ? ಬಟ್ಟೆ, ಕಾಗದ ಕತ್ತರಿಸ್ತೀವಿ.
ಹೇಗಿರುತ್ತೆ? ಎರಡು ಅಲಗು, ಬೆರಳು ತೂರಿಸೋಕೆ ಎರಡು ಉಂಗುರ.
ಎಲ್ಲಿರುತ್ತೆ? ಹೊಲಿಗೆ ಮೆಷಿನ್ ಹತ್ತಿರ.
ಇದರ ಜೊತೆಗೆ ಏನಿರುತ್ತೆ? ಸೂಜಿ, ದಾರ.
ನಿನಗೆ ಏನು ನೆನಪಾಗುತ್ತೆ?

ಕೊನೆಯ ಪ್ರಶ್ನೆಗೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಮುಂದಲೆ ಮುಟ್ಟಿಕೊಂಡು ನನ್ನ ಕಡೆ ಬೆರಳು ತೋರಿಸಿದ. ಚಿಕ್ಕವರಿದ್ದಾಗ ಅವನು ನನ್ನ ಮುಂದಲೆಯ ಕೂದಲನ್ನು ಬುಡಕ್ಕೆ ಕತ್ತರಿಸಿ ಅಮ್ಮನ ಕೈಲಿ ಬೈಸಿಕೊಂಡಿದ್ದ. ಇಬ್ಬರೂ ನಕ್ಕೆವು. ನಗುವಿನ ನಡುವೆ "ಕತ್ರಿ" ಅಂದ. ಅವತ್ತಿನಿಂದ ನಾನು ಸ್ವಂತ ನೆನಪಿನ ಖಾನೆಯನ್ನು ಯಾವತ್ತೂ ಬಿಟ್ಟಿಲ್ಲ.

ಎರಡನೇ ಪ್ರಶ್ನೆಯಲ್ಲಿ 'ಕತ್ತರಿಸು' ಅನ್ನೋದು ಬಂದರೆ 'ಕತ್ತರಿ' ಅದರ ಹಿಂದೆಯೇ ಬರುವುದುಂಟು, ಗಮನಿಸಿದಿರಾ? ಕನ್ನಡದಲ್ಲಿ ಕ್ರಿಯೆಯೊಳಗೆ ವಸ್ತು, ವಸ್ತುವಿನೊಳಗೆ ಕ್ರಿಯೆ ಅಡಗಿರುವ ಪದಗಳು ಸುಮಾರಿವೆ. 'ಗುಡಿಸು' ಅನ್ನುವುದರಲ್ಲಿ 'ಪೊರಕೆ' ಇಲ್ಲದಿದ್ದರೂ, ಬಾಚು-ಬಾಚಣಿಗೆ, ಮುಚ್ಚು-ಮುಚ್ಚಳ, ಹೊದೆ-ಹೊದಿಕೆ ಇವೆ. ಆದ್ದರಿಂದ 'ಏನು ಮಾಡ್ತೀವಿ' ಅನ್ನುವ ಪ್ರಶ್ನೆಗೆ ಜಾಸ್ತಿ ಸಮಯ ಕೊಡಿ.

ಸುತ್ತ ನಡೆದರೂ ಪದ ಸಿಗಲಿಲ್ಲ ಅಂದರೆ ನಷ್ಟವೇನಿಲ್ಲ. "ಬಟ್ಟೆ ಕತ್ತರಿಸೋದು, ಎರಡು ಅಲಗು ಇರುತ್ತಲ್ಲ" ಅಂದರೆ ಕೇಳಿದವರು ತಂದುಕೊಡುತ್ತಾರೆ. ವಿಷಯ ತಲುಪಿತು, ಮಾತು ಮುಂದುವರಿಯಿತು. ನನ್ನ ಮಟ್ಟಿಗೆ ಇದೂ ಪೂರ್ತಿ ಗೆಲುವೇ.

ಹೆಜ್ಜೆ 4: ಕನ್ನಡವೇ ಕೊಡುವ ಊರುಗೋಲುಗಳು

'ಅದು'ವಿಗೆ ಪ್ರತ್ಯಯ ಸೇರಿಸಿ. ಸುಮ್ನೆ "ಅದು, ಅದು" ಅಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. "ಅದರಿಂದ ಒರೆಸು", "ಅದರೊಳಗೆ ಇಡು", "ಅವರಿಗೆ ಫೋನ್ ಮಾಡು" ಅಂದರೆ ಅರ್ಧ ವಿಷಯ ಆಗಲೇ ಹೇಳಿದ ಹಾಗೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಡುವಿನ ಹೆಸರಿನ ಹತ್ತಿರವೇ ಸಿಕ್ಕಿಬಿದ್ದರೆ ಕೊನೆಯವರೆಗೆ ಹೋಗುವುದೇ ಇಲ್ಲ. ಅಲ್ಲೊಂದು 'ಅದನ್ನು' ಹಾಕಿ ದಾಟಿಬಿಡಿ. ಎಷ್ಟೋ ಸಲ ಕ್ರಿಯಾಪದ ಹೇಳಿ ಮುಗಿಸಿದ ಮೇಲೆ ಹೆಸರು ತಾನಾಗಿ ಬರುತ್ತದೆ.

ವರ್ಣಮಾಲೆಯಲ್ಲಿ ನಡೆಯಿರಿ. ಮನಸ್ಸಿನಲ್ಲೇ ಅ, ಆ, ಇ, ಈ ಅಂತ ಶುರುಮಾಡಿ. ಕ, ಗ, ಚ, ಜ ಹತ್ತಿರ ಎಲ್ಲೋ 'ಇದೇ' ಅನ್ನಿಸುತ್ತದೆ. ಅಲ್ಲಿ ನಿಂತು ಕಾಗುಣಿತ ಹೇಳಿಕೊಳ್ಳಿ: ಗ, ಗಾ, ಗಿ, ಗೀ... ಮೊದಲ ಅಕ್ಷರವನ್ನು ಬೆರಳಿನಿಂದ ಅಂಗೈ ಮೇಲೆ ಬರೆದರೆ ಕೆಲವರಿಗೆ ಬೇಗ ಸಿಗುತ್ತದೆ. ಜನರ ಹೆಸರಿಗೆ ಈ ಉಪಾಯ ಚೆನ್ನಾಗಿ ಒದಗುತ್ತದೆ.

ಸದ್ದು ಮಾಡಿ. ಟಿಕ್ ಟಿಕ್ ಅಂದರೆ ಗಡಿಯಾರ, ಟ್ರಿಣ್ ಅಂದರೆ ಗಂಟೆ. ಜೊತೆಗೆ ಕೈಸನ್ನೆಯೂ ಇರಲಿ. ಸನ್ನೆ ಮಾಡುವಾಗ ಎಷ್ಟೋ ಸಲ ಪದವೂ ಅದರ ಜೊತೆಗೇ ಬಂದುಬಿಡುತ್ತದೆ.

ಸಾಲಾಗಿ ಬರುವ ಪದಗಳನ್ನು ಮೊದಲಿಂದ ಹೇಳಿ. ಅಣ್ಣನಿಗೆ 'ಗುರುವಾರ' ನೇರವಾಗಿ ಬರುತ್ತಿರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಅಂತ ಬೆರಳು ಮಡಚುತ್ತಾ ಹೋದರೆ ಬರುತ್ತಿತ್ತು. ಎಣಿಕೆ, ವಾರ, ತಿಂಗಳು, ಬಾಯಿಪಾಠದ ಪದ್ಯ, ಇವೆಲ್ಲ ಬೇರೆ ದಾರಿಯಲ್ಲಿ ಬರುತ್ತವೆ. ಮಾತು ಪೂರಾ ನಿಂತವರಲ್ಲೂ ಇವು ಉಳಿದಿರುವುದುಂಟು. ಗಾದೆಗಳೂ ಹಾಗೇ. "ತಾಳಿದವನು" ಅಂದು ನಿಲ್ಲಿಸಿ ನೋಡಿ. "ಹನಿ ಹನಿ ಗೂಡಿದರೆ" ಅಂದು ಕಾಯಿರಿ. ಉಳಿದದ್ದು ಅವರ ಬಾಯಿಂದ ಬಂದಾಗ ಅವರ ಮುಖ ನೋಡಬೇಕು.

ಬೇರೆ ಭಾಷೆಯಲ್ಲಿ ಪದ ಬಂದರೆ ಹೇಳಿಬಿಡಿ. ಎರಡು ಭಾಷೆ ಗೊತ್ತಿದ್ದವರಿಗೆ ಒಂದರಲ್ಲಿ ಮುಚ್ಚಿದ ದಾರಿ ಇನ್ನೊಂದರಲ್ಲಿ ತೆರೆದಿರಬಹುದು. "ಕನ್ನಡದಲ್ಲೇ ಹೇಳು" ಅಂತ ಯಾರೂ ಒತ್ತಾಯ ಮಾಡಬಾರದು.

ಹೆಜ್ಜೆ 5: ದಿನಾ ಸ್ವಲ್ಪ ಅಭ್ಯಾಸ

ನೂರು ಪದಗಳ ಪಟ್ಟಿ ಬೇಡ. ನಿಮಗೆ ನಿಜವಾಗಿ ಬೇಕಾದ ಹತ್ತು ಹದಿನೈದು ಪದ ಆರಿಸಿ. ಮನೆಯವರ ಹೆಸರು, ಔಷಧಿ, ಕನ್ನಡಕ, ಬೀಗ, ದಿನಾ ಹೋಗುವ ಜಾಗ. ಅಭ್ಯಾಸ ಮಾಡಿದ ಪದಗಳೇ ಹೆಚ್ಚಾಗಿ ಸುಧಾರಿಸುತ್ತವೆ, ಮಾಡದ ಪದಗಳಿಗೆ ಅದರ ಲಾಭ ಅಷ್ಟಾಗಿ ಹರಡುವುದಿಲ್ಲ. ಆದ್ದರಿಂದ ಜೀವನಕ್ಕೆ ಬೇಡದ ಪದಗಳ ಮೇಲೆ ಶ್ರಮ ಹಾಕುವುದು ದಂಡ.

ಬೆಳಿಗ್ಗೆ ತಲೆ ಹಗುರ ಇರುವಾಗ 15 ನಿಮಿಷ, ಬೇಕಿದ್ದರೆ ಸಂಜೆಯೊಳಗೆ ಇನ್ನೊಂದು 15 ನಿಮಿಷ ಮಾಡಿ. ಚಿತ್ರ ಅಥವಾ ವಸ್ತು ತೋರಿಸಿ. ಐದಾರು ಸೆಕೆಂಡು ಕಾಯಿರಿ. ಬಾರದಿದ್ದರೆ ಮೊದಲ ಅಕ್ಷರ ಕೊಡಿ. ಆಗಲೂ ಬಾರದಿದ್ದರೆ ಪದವನ್ನೇ ಹೇಳಿ, ಅವರಿಂದ ಎರಡು ಮೂರು ಸಲ ಹೇಳಿಸಿ. ಊಹಿಸಿ ಊಹಿಸಿ ತಪ್ಪು ಪದ ಹೇಳುತ್ತಾ ಹೋದರೆ ಆ ತಪ್ಪೇ ಗಟ್ಟಿಯಾಗುವ ಭಯ ಇರುತ್ತದೆ. ಸರಿಯಾದ ಪದ ಬಾಯಲ್ಲಿ ಹೆಚ್ಚು ಸಲ ಆಡಲಿ.

ಆಮೇಲೆ ಅಂತರ ಹೆಚ್ಚಿಸಿ. ಒಂದು ನಿಮಿಷ ಬಿಟ್ಟು ಅದೇ ಪದ ಕೇಳಿ. ಬಂದರೆ ಎರಡು ನಿಮಿಷ ಬಿಟ್ಟು, ಆಮೇಲೆ ನಾಲ್ಕು, ಎಂಟು ನಿಮಿಷ ಬಿಟ್ಟು ಕೇಳಿ. ತಪ್ಪಿದರೆ ಪದ ಹೇಳಿಕೊಟ್ಟು, ಹಿಂದೆ ಸರಿಯಾಗಿ ಬಂದ ಅಂತರಕ್ಕೆ ವಾಪಸ್ ಹೋಗಿ. ನಡುವೆ ಬೇರೆ ಮಾತಾಡುತ್ತಿರಿ.

ಕ್ರಿಯಾಪದಗಳನ್ನು ಮರೆಯಬೇಡಿ. ಎಲ್ಲರೂ ವಸ್ತುಗಳ ಹೆಸರನ್ನೇ ಕಲಿಸುತ್ತಾರೆ. ಆದರೆ 'ಹೊಲಿ' ಅನ್ನುವ ಒಂದು ಪದ ಹಿಡಿದು ಯಾರು ಹೊಲಿಯುತ್ತಾರೆ, ಏನನ್ನು ಹೊಲಿಯುತ್ತಾರೆ, ಯಾವುದರಿಂದ ಅಂತ ಕೇಳಿದರೆ ಒಂದೇ ಏಟಿಗೆ ದರ್ಜಿ, ಬಟ್ಟೆ, ಸೂಜಿ ಮೂರೂ ಬರುತ್ತವೆ. ಜೊತೆಗೆ ವಾಕ್ಯವೂ ಆಯಿತು.

ಹೆಜ್ಜೆ 6: ಜೊತೆಗಿರುವವರು ಬದಲಾಗಬೇಕಾದದ್ದು

ಅಭ್ಯಾಸದ ಹೊತ್ತು ಬೇರೆ, ಬದುಕಿನ ಹೊತ್ತು ಬೇರೆ. ನಾನು ಅವತ್ತು ಛತ್ರಿ ಹಿಡಿದು ನಿಂತಾಗ ಇವೆರಡನ್ನೂ ಕಲಸಿಬಿಟ್ಟೆ. ಮಳೆಯಲ್ಲಿ ಹೊರಡುವವರಿಗೆ ಬೇಕಾಗಿದ್ದು ಛತ್ರಿ, ಪರೀಕ್ಷೆಯಲ್ಲ. ಕೇಳಿದ್ದು ಅರ್ಥವಾಗಿದ್ದರೆ ಕೊಟ್ಟುಬಿಡಿ. ಕೊಡುವಾಗ "ಛತ್ರಿ ತಾನೇ, ತಗೋ" ಅಂದರೆ ಪದ ಅವರ ಕಿವಿಗೂ ಬಿತ್ತು, ಮರ್ಯಾದೆಯೂ ಉಳಿಯಿತು.

ಕಾಯಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಹತ್ತು ಸೆಕೆಂಡಿನ ಮೌನ ಕೇಳುವವರಿಗೆ ತುಂಬಾ ಉದ್ದ ಅನ್ನಿಸುತ್ತದೆ, ಹುಡುಕುವವರಿಗೆ ಅದು ಸಾಲದು. ಪದವನ್ನು ನೀವೇ ಹೇಳುವ ಮುಂಚೆ "ನಾನು ಹೇಳಲಾ?" ಅಂತ ಕೇಳಿ. ಕೆಲವರಿಗೆ ಸಹಾಯ ಬೇಕು, ಕೆಲವರಿಗೆ ತಾವೇ ಹುಡುಕುವ ಹಠ. ಯಾವುದು ಅಂತ ಅವರನ್ನೇ ಕೇಳಿ ತಿಳಿದುಕೊಳ್ಳಿ.

ಗೊತ್ತಾಗದಿದ್ದರೆ ಗೊತ್ತಾದ ಹಾಗೆ ತಲೆ ಆಡಿಸಬೇಡಿ. ಅದು ಅವರಿಗೆ ತಿಳಿಯುತ್ತದೆ, ತುಂಬಾ ನೋಯುತ್ತದೆ. "ನನಗೆ ಗೊತ್ತಾಗಲಿಲ್ಲ, ಮನುಷ್ಯರ ವಿಷಯನಾ, ವಸ್ತುವಾ?" ಅಂತ ಕೇಳಿ. ಹೌದು, ಇಲ್ಲ ಅಂತ ಉತ್ತರ ಬರುವ ಪ್ರಶ್ನೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ತನ್ನಿ. 'ಹೌದು' ಮತ್ತು 'ಇಲ್ಲ' ಕೂಡ ಅದಲುಬದಲಾಗಬಹುದು, ಆದ್ದರಿಂದ ಹೆಬ್ಬೆರಳು ಎತ್ತಿಸಿಯೋ ಕಾಗದದ ಮೇಲೆ ತೋರಿಸಿಯೋ ಖಚಿತ ಮಾಡಿಕೊಳ್ಳಿ. ಕಾಗದ, ಪೆನ್ನು ಯಾವಾಗಲೂ ಕೈಗೆ ಸಿಗುವಂತಿರಲಿ. ಟಿವಿ ಆರಿಸಿ. ಒಬ್ಬೊಬ್ಬರಾಗಿ ಮಾತಾಡಿ.

ಜೋರಾಗಿ ಕೂಗಿ ಮಾತಾಡುವುದು, ಮಗುವಿನ ಹತ್ತಿರ ಮಾತಾಡಿದ ಹಾಗೆ ಎಳೆಯುವುದು ಬೇಡ. ಮಾತು ಬಾರದಿದ್ದರೆ ಬುದ್ಧಿಯೂ ಹೋಯಿತು ಅಂತ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. 1861ರಲ್ಲಿ ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರು ಒಬ್ಬ ರೋಗಿಯನ್ನು ನೋಡಿದರು. ಅವನ ಬಾಯಿಂದ ಹೆಚ್ಚಾಗಿ ಬರುತ್ತಿದ್ದುದು 'ತಾನ್' ಅನ್ನುವ ಒಂದೇ ಸದ್ದು. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಅಂತ ಕೇಳಿದಾಗ ಅವನು ಅಂಗೈಯನ್ನು ನಾಲ್ಕು ಸಲ ಬಿಚ್ಚಿ, ಕೊನೆಗೆ ಒಂದು ಬೆರಳು ತೋರಿಸಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು.

ಹೆಜ್ಜೆ 7: ಫೋನು, ಗುಂಪು, ಕೆಲಸ

ಫೋನಿನಲ್ಲಿ ಸನ್ನೆ ಕಾಣಿಸುವುದಿಲ್ಲ, ಅದಕ್ಕೇ ಅದು ಕಷ್ಟ. ಆದಷ್ಟು ವಿಡಿಯೊ ಕರೆ ಮಾಡಿ. ಇಲ್ಲದಿದ್ದರೆ ಹೇಳಬೇಕಾದ ಮೂರು ವಿಷಯ, ಬೇಕಾಗುವ ಹೆಸರುಗಳನ್ನು ಮೊದಲೇ ಬರೆದು ಮುಂದಿಟ್ಟುಕೊಳ್ಳಿ. ಗುಂಪಿಗೆ ಹೋಗುವ ಮುಂಚೆ ಸಿಗುವವರ ಫೋಟೊ ನೋಡಿ, ಹೆಸರುಗಳನ್ನು ಬಾಯಿಬಿಟ್ಟು ಹೇಳಿ. ಮೂಲೆಯಲ್ಲಿ ಕುಳಿತು ಒಬ್ಬರ ಜೊತೆ ಮಾತಾಡಿ.

ಹೊರಗೆ ಓಡಾಡುವಾಗ ಜೇಬಿನಲ್ಲಿ ಒಂದು ಚೀಟಿ ಇರಲಿ: "ನನ್ನ ಮಿದುಳಿಗೆ ಪೆಟ್ಟಾಗಿದೆ. ನೀವು ಹೇಳಿದ್ದು ನನಗೆ ಅರ್ಥವಾಗುತ್ತದೆ. ಪದ ಹುಡುಕಲು ಸ್ವಲ್ಪ ಸಮಯ ಬೇಕು." ಜೊತೆಗೆ ಮನೆಯವರೊಬ್ಬರ ಫೋನ್ ನಂಬರ್. ಎದುರಿನವರ ಮಾತು ಪೂರ್ತಿ ಹಿಡಿಯುವುದೂ ನಿಮಗೆ ಕಷ್ಟವಾಗಿದ್ದರೆ ಎರಡನೇ ಸಾಲನ್ನು "ದಯವಿಟ್ಟು ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ ಹೇಳಿ" ಅಂತ ಬದಲಿಸಿ.

ಕೆಲಸಕ್ಕೆ ಮರಳುವವರು ಮುಖ್ಯ ಮಾತುಕತೆಗಳನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬಾಯಲ್ಲಿ ಹೇಳುವುದಕ್ಕಿಂತ ಬರೆದು ಕಳಿಸುವುದು ಸುಲಭ ಅನ್ನಿಸಿದರೆ ಹಾಗೇ ಮಾಡಿ. ಸುಸ್ತಾದಾಗ ಪದ ಸಿಗದಿದ್ದರೆ ಆರೋಗ್ಯ ಹಿಂದಕ್ಕೆ ಹೋಯಿತು ಅಂತಲ್ಲ. ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ ಎದ್ದು ನೋಡಿ.

ಹೆಜ್ಜೆ 8: ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗುವಾಗ

ಮನೆಯ ಅಭ್ಯಾಸ ಎಷ್ಟೇ ಮಾಡಿದರೂ ತಜ್ಞರು ಒಮ್ಮೆ ನೋಡಲೇಬೇಕು. ತೊಂದರೆ ಅರ್ಥದ ಕಡೆಯೋ ಸದ್ದಿನ ಕಡೆಯೋ ಅಂತ ಅವರು ಪರೀಕ್ಷೆ ಮಾಡಿ ಹೇಳುತ್ತಾರೆ. ಅಭ್ಯಾಸ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಅರ್ಥ ಮಸುಕಾದವರಿಗೆ ಆರು ಖಾನೆಯ ಹಾಳೆ, ಸದ್ದು ಜಾರುವವರಿಗೆ ಮೊದಲ ಅಕ್ಷರ, ಪ್ರಾಸದ ಪದ, ಹೀಗೆ.

ಮೊದಲ ಕೆಲವು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. "ಆರು ತಿಂಗಳಾದ ಮೇಲೆ ಏನೂ ಆಗಲ್ಲ" ಅಂತ ನಮಗೂ ಒಬ್ಬರು ಹೇಳಿದ್ದರು. ಅದು ನಿಜವಲ್ಲ. ವರ್ಷಗಳು ಕಳೆದ ಮೇಲೂ ಅಭ್ಯಾಸದಿಂದ ಪದಗಳು ವಾಪಸ್ ಬರುತ್ತವೆ. ಅಣ್ಣನಿಗೆ ಮೂರನೇ ವರ್ಷದಲ್ಲಿ ಅವನ ಹಳೆಯ ಗೆಳೆಯರ ಹೆಸರುಗಳು ಒಂದೊಂದಾಗಿ ಬಂದವು.

ಹೋಗುವಾಗ ಹೆಜ್ಜೆ ಒಂದರ ನೋಟ್‌ಬುಕ್, ಮಾತ್ರೆಗಳ ಪಟ್ಟಿ, ಸ್ಕ್ಯಾನ್ ವರದಿ ತೆಗೆದುಕೊಂಡು ಹೋಗಿ. ಮುಂಚೆ ಯಾವ ಯಾವ ಭಾಷೆ ಮಾತಾಡುತ್ತಿದ್ದರು, ಎಷ್ಟು ಓದು ಬರಹ ಬರುತ್ತಿತ್ತು, ಏನು ಕೆಲಸ, ಯಾವುದರಲ್ಲಿ ಆಸಕ್ತಿ ಅಂತಲೂ ಹೇಳಿ. ಮತ್ತೆ ಬೇಕೇ ಬೇಕು ಅನ್ನುವ ಹತ್ತು ಪದಗಳನ್ನು ಪದ ಹುಡುಕುವವರೇ ಆರಿಸಿ ಒಂದು ಹಾಳೆಯಲ್ಲಿ ಗುರುತು ಮಾಡಿರಲಿ. ಅಣ್ಣನ ಹಾಳೆಯಲ್ಲಿ ಮೊದಲು ಇದ್ದದ್ದು ಮಗಳ ಹೆಸರು.